ಹಿಡಿ ಬಿಗಿಯಾದರೆ ಒತ್ತಬೇಡಿ: ತೋಟಾ ತುಂಬುವ ಪ್ರೆಸ್ ಕೈಕೊಟ್ಟಾಗ

ನನ್ನ ಪ್ರೆಸ್ ಮೊದಲ ಸಲ ಕೈಕೊಟ್ಟಾಗ ತಪ್ಪು ಪೂರ್ತಿ ನನ್ನದೇ ಆಗಿತ್ತು. ಟೆಕ್ಸಸ್‌ನಲ್ಲಿ, ಮನೆಯ ಗ್ಯಾರೇಜಿನಲ್ಲಿ, .308 ರೈಫಲ್ಲಿನಲ್ಲಿ ಹಾರಿಸಿದ ಮೇಲೆ ಉಳಿದ ಹಿತ್ತಾಳೆ ಚಿಪ್ಪುಗಳನ್ನು, ಅಂದರೆ ಕೇಸ್‌ಗಳನ್ನು ಮತ್ತೆ ಅಳತೆಗೆ ತರಲು ಸೈಜಿಂಗ್ ಡೈ ಎಂಬ ಅಚ್ಚಿಗೆ ಒಂದೊಂದಾಗಿ ಕೊಡುತ್ತಿದ್ದೆ. ಹಿಡಿ ಅರ್ಧಕ್ಕೆ ಬಂದು ಬಿಗಿಯಾಯಿತು. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಮೈಭಾರ ಹಾಕಿ ಒತ್ತಿದೆ, ಆಮೇಲೆ ಅಷ್ಟೇ ಜೋರಾಗಿ ವಾಪಸ್ ಎಳೆದೆ. ಟಕ್ ಅಂತ ಕೇಸಿನ ತಳದ ಅಂಚು ಹರಿದು, ಕೇಸನ್ನು ಹಿಡಿದುಕೊಳ್ಳುವ ಶೆಲ್ ಹೋಲ್ಡರಿನಲ್ಲಿ ಉಳಿಯಿತು. ಕೇಸ್ ಡೈಯೊಳಗೇ ಕೂತುಬಿಟ್ಟಿತು.

ಇದು ಅಮೆರಿಕದ ಕಥೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸ್ವಂತ ಬಳಕೆಗೆ ಹಿತ್ತಾಳೆ ಕೇಸ್‌ಗಳನ್ನು ಮತ್ತೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಕ್ಕೆ ಬೇಕು. ಭಾರತದಲ್ಲಿ ಹಾಗಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಕೊಡಗಿನಲ್ಲಿ ಕೋವಿಗೆ ವಿನಾಯಿತಿ ಇದೆಯಲ್ಲ ಅಂತ ಕೇಳಬೇಡಿ, ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟದ್ದು.

ಸರಿ, ಪ್ರೆಸ್ಸಿಗೆ ಬರೋಣ.

ಮೊದಲು ಮೇಜು ಖಾಲಿ ಮಾಡಿ

ರಿಪೇರಿಗೆ ಕೈ ಹಾಕುವ ಮುನ್ನ ಮದ್ದಿನ ಡಬ್ಬಿ, ಪ್ರೈಮರ್ (ಕೇಸಿನ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಚಿಕ್ಕ ಬಟ್ಟಲು) ಪೆಟ್ಟಿಗೆ ಎರಡನ್ನೂ ಬೇರೆ ಕಡೆ ಇಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಈಗ ಖಾಲಿ ಹಿಡಿಯನ್ನು ಒಮ್ಮೆ ಪೂರ್ತಿ ಕೆಳಗಿಳಿಸಿ, ಮೇಲೆತ್ತಿ. ಮೇಜು ಅಲುಗುತ್ತಿದೆಯಾ? ಬೋಲ್ಟ್ ಸಡಿಲವಾಗಿರುತ್ತದೆ. ಪ್ರೆಸ್ ಕೆಟ್ಟಿದೆ ಅಂತ ಅಂದುಕೊಂಡ ಎಷ್ಟೋ ಸಲ ಕೆಟ್ಟಿದ್ದು ಮೇಜು. ಮೇಜು ಗಟ್ಟಿಯಾಗಿದ್ದೂ, ಹಿಡಿ ಎಳೆದಾಗ ಕೇಸನ್ನು ಮೇಲೆತ್ತುವ ರ‍್ಯಾಮ್ ಗರಗರ ಅಂದರೆ, ಹಳೇ ಪ್ರೈಮರ್‌ಗಳ ಕರಿ ಪುಡಿ ಸೇರಿಕೊಂಡಿದೆ ಅಂತ ಅರ್ಥ. ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಆ ಪುಡಿಯಲ್ಲಿ ಸೀಸ ಇರುತ್ತದೆ, ಆದ್ದರಿಂದ ಊದಬೇಡಿ, ಒದ್ದೆ ಬಟ್ಟೆ ಬಳಸಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.

ಡೈಯಲ್ಲಿ ಕೇಸ್ ಸಿಕ್ಕಿಕೊಂಡರೆ

ಜಾಸ್ತಿ ಜನ ಒದ್ದಾಡುವುದು ಇಲ್ಲೇ. ಕಾರಣ ಹೆಚ್ಚುಕಮ್ಮಿ ಒಂದೇ, ಜಿಡ್ಡು ಸಾಲದೆ ಹೋಗಿರುವುದು. ನೇರ ಗೋಡೆಯ ಪಿಸ್ತೂಲ್ ಕೇಸ್‌ಗಳಿಗೆ ಕಾರ್ಬೈಡ್ (ತುಂಬ ಗಡಸು ವಸ್ತು) ಡೈ ಇದ್ದರೆ ಜಿಡ್ಡು ಬೇಕಿಲ್ಲ, ಆದರೆ ರೈಫಲ್ಲಿನ ಕತ್ತುಳ್ಳ ಕೇಸ್‌ಗೆ ಬೇಕೇ ಬೇಕು. ನಾನು ಬಳಸುವುದು ಲ್ಯಾನೋಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದ ಸ್ಪ್ರೇ. ಸಿಂಪಡಿಸಿದ ತಕ್ಷಣ ಒತ್ತಲು ಹೋಗಬಾರದು, ಆಲ್ಕೋಹಾಲ್ ಆರುವ ತನಕ ನಾಲ್ಕೈದು ನಿಮಿಷ ಕಾಯಬೇಕು, ಹಸಿಯಾಗಿದ್ದಾಗ ಅದು ಜಾರುವುದಿಲ್ಲ. ಹಾಗಂತ ಧಾರಾಳವಾಗಿ ಬಳಿದರೆ ಕೇಸಿನ ಭುಜದ ಮೇಲೆ ಗುಳಿ ಬೀಳುತ್ತದೆ. ಒಂದು ಕೇಸಿಗೆ ಗುಳಿ ಬಿತ್ತು ಅಂದರೆ ಡೈ ಬಿಚ್ಚಿ ಒಳಗೆ ಒರೆಸಿ.

ಸಿಕ್ಕಿಕೊಂಡದ್ದನ್ನು ತೆಗೆಯೋದು ಹೇಗೆ? ಮೊದಲು ಹಳೇ ಪ್ರೈಮರ್ ಹೊರಬಿದ್ದಿದೆಯಾ ನೋಡಿ. ಹಾರದ ಪ್ರೈಮರ್ ಇನ್ನೂ ಒಳಗಿದ್ದರೆ ಡ್ರಿಲ್ ಮುಟ್ಟಲೇಬೇಡಿ, ಡೈ ತಯಾರಿಸಿದ ಕಂಪನಿಗೆ ಫೋನ್ ಮಾಡಿ. ಪ್ರೈಮರ್ ಬಿದ್ದಿದ್ದರೆ ಡೈಯನ್ನು ಪ್ರೆಸ್ಸಿನಿಂದ ಬಿಚ್ಚಿ, ಹಳೇ ಪ್ರೈಮರ್ ತಳ್ಳುವ ನಡುವಿನ ಕಡ್ಡಿಯನ್ನು ಆದಷ್ಟು ಮೇಲಕ್ಕೆ ತಿರುಗಿಸಿ. ಕೇಸಿನ ತಳದ ನಡುವಿನ ತೂತನ್ನೇ ಡ್ರಿಲ್‌ನಿಂದ ದೊಡ್ಡದು ಮಾಡಿ, ಟ್ಯಾಪ್‌ನಿಂದ ಕಾಲು ಇಂಚಿನ ಬೋಲ್ಟ್ ಕೂರುವಂತೆ ಸ್ಕ್ರೂ ಸುತ್ತು ಕೊರೆಯಿರಿ. ಮೇಲೆ ಒಂದು ಟೊಳ್ಳು ಬಿಲ್ಲೆ ಇಟ್ಟು ಬೋಲ್ಟ್ ತಿರುಗಿಸುತ್ತಾ ಹೋದರೆ ಕೇಸ್ ಮೆಲ್ಲಗೆ ಹೊರಗೆ ಬರುತ್ತದೆ, ಬಾವಿಯಿಂದ ಕೊಡ ಎಳೆದ ಹಾಗೆ. ಇಷ್ಟಕ್ಕೂ ಬೇಕಾದ ಸಾಮಾನು ಒಂದೇ ಕಿಟ್ ಆಗಿ ಸಿಗುತ್ತದೆ. ಕೇಸ್ ಸಿಕ್ಕಿಕೊಳ್ಳುವ ಮೊದಲೇ ತಂದಿಟ್ಟುಕೊಳ್ಳಿ, ಯಾಕೆಂದರೆ ಸಿಕ್ಕಿಕೊಳ್ಳುವುದು ಯಾವಾಗಲೂ ಭಾನುವಾರ ಸಂಜೆ, ಅಂಗಡಿ ಮುಚ್ಚಿದ ಮೇಲೆ.

ಪ್ರೈಮರ್ ಕೂರದಿದ್ದರೆ

ಇಲ್ಲಂತೂ ಬಲಪ್ರಯೋಗ ಬೇಡವೇ ಬೇಡ, ಒತ್ತಡಕ್ಕೆ ಸಿಡಿಯುವುದೇ ಪ್ರೈಮರಿನ ಕೆಲಸ. ಮಿಲಿಟರಿ ಕೇಸ್ ಆಗಿದ್ದರೆ ಪ್ರೈಮರ್ ಗುಳಿಯ ಸುತ್ತ ಲೋಹವನ್ನು ಒಳಕ್ಕೆ ಒತ್ತಿರುತ್ತಾರೆ. ಆ ಅಂಚನ್ನು ರೀಮರಿನಿಂದ ಕೆರೆದು ತೆಗೆದರೆ ಆಯಿತು. .45 ಎಸಿಪಿ ಎಂಬ ಪಿಸ್ತೂಲ್ ತೋಟಾ ತುಂಬುವವರಿಗೆ ಇನ್ನೊಂದು ತಲೆನೋವು. ಈ ಕೇಸ್‌ಗಳು ದೊಡ್ಡ ಪ್ರೈಮರಿನವು, ಸಣ್ಣ ಪ್ರೈಮರಿನವು ಎರಡೂ ಬರುತ್ತವೆ, ಮೇಲಿಂದ ನೋಡಿದರೆ ಎರಡೂ ಒಂದೇ ಥರ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಕೂತು ಆರಿಸಬೇಕು. ಹಳೇ ಪ್ರೈಮರ್ ತೆಗೆಯುವಾಗಲೇ ಡೈಯ ಕಡ್ಡಿಯ ತುದಿಯ ಪಿನ್ ಮುರಿಯಿತಾ? ಅದು ಬರ್ಡನ್ ಕೇಸ್ ಇರಬಹುದು, ಟಾರ್ಚ್ ಬಿಟ್ಟು ಒಳಗೆ ನೋಡಿ, ನಡುವೆ ಒಂದು ತೂತಿನ ಬದಲು ಪಕ್ಕಪಕ್ಕ ಎರಡು ತೂತು ಕಾಣುತ್ತವೆ. ಅಂಥದ್ದನ್ನು ಗುಜರಿಗೆ ಹಾಕಿ.

ಕೂರಿಸಿದ ಮೇಲೆ ತಳದ ಮೇಲೆ ಬೆರಳಾಡಿಸಿ. ಪ್ರೈಮರ್ ಉಬ್ಬಿರಬಾರದು, ಕೂದಲೆಳೆಯಷ್ಟು ಒಳಗೇ ಇರಬೇಕು. ಮದ್ದು, ಗುಂಡು ಎಲ್ಲಾ ಹಾಕಿದ ಮೇಲೆ ಉಬ್ಬಿದ್ದು ಗೊತ್ತಾದರೆ ಮತ್ತೆ ಒತ್ತಿ ಸರಿ ಮಾಡಲು ಹೋಗಬೇಡಿ. ಸುತ್ತಿಗೆಯಂಥ ಪುಲ್ಲರ್ ಸಿಗುತ್ತದೆ, ಅದರಿಂದ ಗುಂಡು ಬಿಡಿಸಿ ಮದ್ದು ಹೊರಗೆ ತೆಗೆಯಿರಿ.

ಗುಂಡು ಕೂರಿಸುವಾಗ ಕೇಸ್ ಸೊಟ್ಟಗಾದರೆ

ಗುಂಡು ಕೂರಿಸುವ ಡೈ ಜಾಸ್ತಿ ಕೆಳಗಿದೆ. ಗುಂಡು ಇನ್ನೂ ಇಳಿಯುತ್ತಿರುವಾಗಲೇ ಕೇಸಿನ ಬಾಯಿಯನ್ನು ಅದು ಅಮುಕುತ್ತಿದೆ. ರ‍್ಯಾಮ್ ಮೇಲೆತ್ತಿ, ಡೈಯನ್ನು ಕೇಸಿಗೆ ತಾಗುವ ತನಕ ತಿರುಗಿಸಿ, ಆಮೇಲೆ ಅರ್ಧ ಸುತ್ತು ಹಿಂದಕ್ಕೆ ತಂದು ಬಿಗಿ ಮಾಡಿ. ಗುಂಡಿನ ಆಳವನ್ನು ಮೇಲಿನ ಸ್ಕ್ರೂನಿಂದ ಹೊಂದಿಸಿ. ಕೆಲವು ಕೇಸ್ ಮಾತ್ರ ಸೊಟ್ಟಗಾಗುತ್ತಿದ್ದರೆ ಉದ್ದ ಅಳೆದು ನೋಡಿ, .308ಕ್ಕೆ 2.015 ಇಂಚು ಮೇರೆ, ಅದಕ್ಕಿಂತ ಬೆಳೆದದ್ದನ್ನು ಕತ್ತರಿಸಬೇಕು.

ಮದ್ದಿನ ಅಳತೆ ಏರುಪೇರಾದರೆ

ಚಕ್ಕೆಯಂಥ ಮದ್ದು, ಅದನ್ನು ಅಳೆದು ಸುರಿಯುವ ಸಾಧನದ ಕೊಳವೆಯಲ್ಲಿ ಕಚ್ಚಿಕೊಂಡು ಒಂದಕ್ಕೆ ಕಮ್ಮಿ, ಮುಂದಿನದಕ್ಕೆ ಜಾಸ್ತಿ ಬೀಳುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಸ್ಥಾಯಿ ವಿದ್ಯುತ್ತಿನಿಂದಲೂ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಇಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಹಾಳೆ ಇರುತ್ತದಲ್ಲ, ಅದರಲ್ಲಿ ಒಳಗೆ ಒರೆಸಿದರೆ ಎಷ್ಟೋ ವಾಸಿ. ಆದರೂ ತಕ್ಕಡಿಯನ್ನೇ ನಂಬಿ. ಅಳತೆಯ ಅಂಕಿಗಳು ಮದ್ದಿನ ಕಂಪನಿ ಕೊಟ್ಟ ಕೈಪಿಡಿಯಿಂದಲೇ ಬರಬೇಕು, ಗೆಳೆಯರ ಬಾಯಿಂದಲ್ಲ. ಗುಂಡು ಇಡುವ ಮುನ್ನ ತುಂಬಿದ ಕೇಸ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಡಿ, ಮದ್ದಿನ ಮಟ್ಟ ಒಂದೇ ಸಮ ಇರಬೇಕು. ಕಮ್ಮಿ ಇದ್ದರೆ ಗುಂಡು ನಳಿಗೆಯಲ್ಲೇ ನಿಂತೀತು, ಎರಡು ಸಲ ಬಿದ್ದಿದ್ದರೆ ಬಂದೂಕೇ ಸೀಳೀತು. ಒಂದರ ಮೇಲೆ ಅನುಮಾನ ಬಂದರೂ ಇಡೀ ಸಾಲನ್ನು ಸುರಿದು ಮತ್ತೆ ತೂಗಿ.

ಕೆಲಸ ಮುಗಿದ ಮೇಲೆ ಹಾಪರಿನಲ್ಲಿ (ಅಳೆಯುವ ಸಾಧನದ ಮೇಲಿನ ಪಾತ್ರೆಯಲ್ಲಿ) ಉಳಿದ ಮದ್ದನ್ನು ಅದರದೇ ಡಬ್ಬಿಗೆ ಸುರಿದುಬಿಡಿ. ರಾತ್ರಿ ಅಲ್ಲೇ ಬಿಟ್ಟರೆ ಮುಂದಿನ ವಾರ ಅದು ಯಾವ ಮದ್ದು ಅಂತ ನಿಮಗೇ ನೆನಪಿರುವುದಿಲ್ಲ, ಆಮೇಲೆ ಪೂರ್ತಿ ಎಸೆಯಬೇಕಾಗುತ್ತದೆ.