ಗುಜರಿಯಿಂದ ದೀಪ, ಮೇಜು: ನಾವಿಬ್ಬರು ಕೆಲಸ ಮಾಡುವ ರೀತಿ

ಗುಜರಿಯ ವಸ್ತು ಕೈಗೆ ಬಂದರೆ ನಾವು ಮೊದಲು ಕೋಣೆ ಕತ್ತಲು ಮಾಡಿ ಅದರ ಹಿಂದೆ ಟಾರ್ಚ್ ಹಿಡಿಯುತ್ತೇವೆ. ಸ್ಕೆಚ್ ಆಮೇಲೆ. ಬೆಳಕು ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಡಿದು ವಾಪಸು ಬರುತ್ತದೆ ಎಂದು ಗೊತ್ತಾದರೆ ಆಕಾರದ ಅರ್ಧ ತೀರ್ಮಾನ ಮುಗಿದಂತೆ. ನೋಡುವವರಿಗೆ ಮೊದಲು ಕಾಣಬೇಕಾದ್ದು ಆ ಆಕಾರ. ಅದು ಯಾವುದರಿಂದ ಆಗಿದೆ ಎಂಬುದು ಹತ್ತಿರ ಬಂದಾಗ ಗೊತ್ತಾದರೆ ಸಾಕು. ಇದರಲ್ಲಿ ನಮ್ಮಿಬ್ಬರಿಗೂ ಪೂರ್ತಿ ಒಮ್ಮತ.

ವಸ್ತುವನ್ನು ಎಷ್ಟು ಬದಲಿಸಬೇಕು ಎಂಬಲ್ಲಿ ಮಾತ್ರ ವಾದ ನಿಂತಿಲ್ಲ. ನನ್ನ ಜೊತೆಗಾರ್ತಿಗೆ ವಸ್ತುವನ್ನು ಇದ್ದ ಹಾಗೇ ಬಳಸುತ್ತಿದ್ದ ಇಟಲಿಯ ವಿನ್ಯಾಸಕರು ಕ್ಯಾಸ್ಟಿಗ್ಲಿಯೋನಿ ಸಹೋದರರು ಆದರ್ಶ. ಅವರು 1957ರಲ್ಲಿ ಟ್ರ್ಯಾಕ್ಟರ್ ಸೀಟನ್ನೇ ಸ್ಟೂಲಿಗೆ ಕೂರಿಸಿದರು. 1962ರ ಟೊಯೊ ದೀಪದಲ್ಲಿ ಕಾರಿನ ಹೆಡ್‌ಲೈಟ್ ಇದೆ, ವೈರು ಮೀನುಗಾಳದ ಕೋಲಿನ ಬಳೆಗಳಲ್ಲಿ ಹಾದುಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬಚ್ಚಿಟ್ಟುಕೊಳ್ಳದೆ ತಳದ ಭಾರವಾಗಿ ಕೂತಿದೆ. ಅವು ಬಿಸಾಕಿದ ವಸ್ತುಗಳಲ್ಲ, ಸಿದ್ಧ ಬಿಡಿಭಾಗಗಳು. ಆದರೂ ನಮ್ಮ ನಿಲುವುದೀಪಗಳ ತಳಕ್ಕೆ ಸವೆದ ಬ್ರೇಕ್ ಡಿಸ್ಕ್ ಇಡುವುದನ್ನು ನಾವು ಕಲಿತದ್ದು ಅಲ್ಲಿಂದಲೇ. ನನಗೆ ಹಿಡಿಸುವುದು ಡಚ್ ವಿನ್ಯಾಸಕ ಪೀಟ್ ಹೈನ್ ಏಕ್ ದಾರಿ. 1990ರಲ್ಲಿ ಅವರು ಹಳೆ ಮರದ ಚೂರುಗಳಿಂದ ಬೀರು ಮಾಡಿ, ದುಬಾರಿ ಮರಕ್ಕೆ ಕೊಡುವಷ್ಟೇ ಶ್ರದ್ಧೆಯ ಫಿನಿಶಿಂಗ್ ಕೊಟ್ಟರು.

ವಾಷಿಂಗ್ ಮೆಷಿನ್ ಡ್ರಮ್ ತೆಗೆದುಕೊಳ್ಳಿ. ಒಳಗೊಂದು ಬಲ್ಬ್ ಹಾಕಿದರೆ ದೀಪವೇನೋ ಆಗುತ್ತದೆ, ಆದರೆ ಆರಿಸಿದ ಕೂಡಲೇ ಅದು ಮತ್ತೆ ಡ್ರಮ್. ದೀಪ ಹೆಚ್ಚು ಹೊತ್ತು ಆರಿಯೇ ಇರುತ್ತದೆ. ಆಗಲೂ ಅದು ಶಿಲ್ಪವಾಗಿ ನಿಲ್ಲಬೇಕು. ಹಾಗಾಗಿ ಡ್ರಮ್ಮನ್ನು ಬೆಸುಗೆಯ ಗೆರೆಗುಂಟ ಸೀಳಿ, ಬಿಚ್ಚಿ, ಅಗಲದ ಪಟ್ಟಿಗಳಾಗಿ ತಿರುಚುತ್ತೇವೆ. ಕಬ್ಬಿಣ ಕತ್ತರಿಸಿದ ಗ್ರೈಂಡರ್ ಡಿಸ್ಕನ್ನು ಡ್ರಮ್ಮಿನ ಸ್ಟೇನ್‌ಲೆಸ್ ಸ್ಟೀಲಿಗೆ ತಾಕಿಸಬೇಡಿ. ಕಬ್ಬಿಣದ ಕಣ ಅಂಟಿಕೊಂಡು ಅಲ್ಲೇ ತುಕ್ಕು ಏಳುತ್ತದೆ.

ಇನ್ನು ಬೆಳಕು. ಬೆಳಕಿನ ಮೂಲ ಚಿಕ್ಕದಾಗಿ ಒಂದೇ ಇದ್ದರೆ ಡ್ರಮ್ಮಿನ ಪ್ರತಿ ತೂತೂ ಗೋಡೆಯ ಮೇಲೆ ಚೂಪಾದ ಚುಕ್ಕಿ ಬಿಡುತ್ತದೆ. ಎಲ್‌ಇಡಿ ಪಟ್ಟಿ ಹಾಕಿದರೆ ಚುಕ್ಕಿಗಳು ಒಂದರೊಳಗೊಂದು ಕರಗಿ ಮಬ್ಬಾಗುತ್ತವೆ. ಮೂಲವನ್ನು ತೂತಿನ ತಗಡಿನ ಹತ್ತಿರ ತಂದಷ್ಟೂ ಚುಕ್ಕಿಗಳ ಅಂತರ ಹಿಗ್ಗಿ ವಿನ್ಯಾಸ ಗೋಡೆ ತುಂಬಾ ಹರಡುತ್ತದೆ. ಈ ದೂರ ಹೊಂದಿಸುವುದಕ್ಕೇ ನಮ್ಮ ಹೆಚ್ಚಿನ ಸಮಯ ಹೋಗುತ್ತದೆ, ಅದಕ್ಕೆ ಬೇಸರವಿಲ್ಲ. 2700 ಕೆಲ್ವಿನ್‌ನ ಬೆಚ್ಚನೆ ಹಳದಿ ಬಣ್ಣ, ಸಿಆರ್‌ಐ (ಬೆಳಕು ವಸ್ತುವಿನ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲೆ, ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಕಳಪೆ ಎಲ್‌ಇಡಿ ಕೆಳಗೆ ತುಕ್ಕಿನ ಕೆಂಪು ಸತ್ತುಹೋಗುತ್ತದೆ. ಪಟ್ಟಿಯನ್ನು ಅಲ್ಯೂಮಿನಿಯಂ ಚಾನೆಲ್ ಮೇಲೆ ಅಂಟಿಸಿ, ಇಲ್ಲವಾದರೆ ಬಿಸಿ ಹೋಗಲು ಜಾಗವಿಲ್ಲದೆ ಆಯುಸ್ಸು ಕಡಿಮೆಯಾಗುತ್ತದೆ. ಮೇನ್ಸ್ ವಿದ್ಯುತ್ತನ್ನು ಪಟ್ಟಿಗೆ ಬೇಕಾದಷ್ಟಕ್ಕೆ ಇಳಿಸುವ 24 ವೋಲ್ಟ್ ಡ್ರೈವರ್ ದೀಪದ ಹೊರಗಿರಲಿ. ಲೋಹದ ದೀಪದೊಳಕ್ಕೆ ನೇರ ಮೇನ್ಸ್ ತರುವುದಾದರೆ ಅರ್ಥಿಂಗ್ ಬೇಕೇ ಬೇಕು.

ಪೀಠೋಪಕರಣದ ಕಥೆ ಬೇರೆ, ಅದನ್ನು ಮೈ ಮುಟ್ಟುತ್ತದೆ. ಪ್ಯಾಲೆಟ್ (ಸರಕು ಸಾಗಿಸುವ ಹಲಗೆ) ಮರದ ಮೇಲಿನ ಮುದ್ರೆಯಲ್ಲಿ ಎಚ್‌ಟಿ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ತೆಗೆದುಕೊಳ್ಳುತ್ತೇವೆ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕ ವಿಷದ ಹೊಗೆ ಹಾಕಿದ್ದು, ಮುಟ್ಟುವುದಿಲ್ಲ. ಹಳೆ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಒದ್ದೆ ಮಾಡದೆ ಉಜ್ಜುವುದಿಲ್ಲ. ಜೋಡಣೆಗೆ ಆದಷ್ಟೂ ಬೋಲ್ಟ್, ಅಂಟು ಕಡಿಮೆ. ನಾವು ಮಾಡಿದ್ದೂ ಒಂದು ದಿನ ಗುಜರಿಗೆ ಹೋಗುತ್ತದೆ, ಬಿಚ್ಚುವವರಿಗೆ ಸುಲಭವಾಗಲಿ.

ಈಗ ಕೈಯಲ್ಲಿರುವುದು ಬಿರುಕುಬಿಟ್ಟ ಕಾರಿನ ಮುಂಗಾಜು. ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪೊರೆ ಇರುವುದರಿಂದ ಒಡೆದರೂ ಚೂರುಗಳು ಉದುರುವುದಿಲ್ಲ. ಅಡಿಯಿಂದ ಓರೆಯಾಗಿ ಬೆಳಕು ಬಿಟ್ಟರೆ ಪ್ರತಿ ಬಿರುಕೂ ಹೊಳೆಯುತ್ತದೆ. ಕೈಗೆ ಚುಚ್ಚದಂತೆ ಮೇಲೊಂದು ಗಟ್ಟಿ ಗಾಜು ಕೂರಿಸಿ ಮೇಜು ಮಾಡುತ್ತಿದ್ದೇವೆ. ಅಂಚಿನ ಕಪ್ಪು ಪಟ್ಟಿ ಕತ್ತರಿಸೋಣ ಎಂದೆ ನಾನು, ಇರಲಿ ಎಂದಳು ಅವಳು. ಅದರ ಕೆಳಗೆ ಎಲ್‌ಇಡಿ ಇಟ್ಟು ನೋಡಿದೆವು, ಮೇಲಿನಿಂದ ನೋಡುವವರ ಕಣ್ಣಿಗೆ ಕುಕ್ಕಲಿಲ್ಲ. ಕಪ್ಪು ಪಟ್ಟಿ ಉಳಿಯಿತು.