ಬಳಪದ ಕಲ್ಲಿನ ಕಂಬವನ್ನು ತಿರುಗಣಿಯಲ್ಲಿ ಕಡೆದ ಬಗೆ

ಹೊಯ್ಸಳ ಮಾದರಿಯ ಕಂಬ ಬೇಕಾದರೆ ಉಳಿ ಹಿಡಿದೇ ಕೆತ್ತಬೇಕು, ತಿರುಗಣಿಗೆ (ಲೇತ್‌ಗೆ) ಹಾಕಿ ತಿರುಗಿಸಲು ಹೋದರೆ ಕಲ್ಲೂ ಹೋಗುತ್ತದೆ, ಕಾಸೂ ಹೋಗುತ್ತದೆ ಎಂದು ನಮ್ಮ ಕಡೆಯ ಶಿಲ್ಪಿಗಳೆಲ್ಲ ಹೇಳಿದ್ದರು. ನಾಲ್ಕಡಿ ಎತ್ತರದ ಕಡೆದ ಕಂಬ ಈಗ ನನ್ನ ಅಂಗಳದಲ್ಲಿ ನಿಂತಿದೆ. ಹೇಳಿದವರೇ ಬಂದು ಅದರ ಮೇಲೆ ಕೈಯಾಡಿಸಿ ಹೋಗುತ್ತಿದ್ದಾರೆ.

ಧೈರ್ಯ ಕೊಟ್ಟದ್ದು ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ. 1117ರ ಕೆಲಸ ಅದು. ಓರೆ ಬೆಳಕಿನಲ್ಲಿ ಕಂಬದ ಘಂಟೆಯಾಕಾರದ ಭಾಗವನ್ನು ನೋಡಿ: ಬಳೆಗಳು ಒಂದರ ಕೆಳಗೊಂದು, ಸುತ್ತಲೂ ಒಂದೇ ದಪ್ಪ. ಉಳಿಯ ಏಟಿಗೆ ಅಂಥ ಬಳೆ ದಕ್ಕುವುದಿಲ್ಲ. ಅದಕ್ಕೂ ಐದು ವರ್ಷ ಹಿಂದೆ, 1112ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಲ್ಲೂ ಇದೇ ಕೈಚಳಕ ಕಾಣುತ್ತದೆ.

ಮೊದಲು ಮರ ಕಡೆಯುವಂತೆ ಕಲ್ಲನ್ನು ಅಡ್ಡ ಮಲಗಿಸಿ ತಿರುಗಿಸಿದೆ. ಹೆಚ್ಚುಕಡಿಮೆ ಅರ್ಧ ಟನ್ ಭಾರ. ಕೊರಳು ತೆಳುವಾಗುತ್ತಿದ್ದಂತೆ ತನ್ನ ತೂಕಕ್ಕೇ ಮುರಿಯಿತು. ಕಲ್ಲಿಗೆ, ಲಾರಿಗೆ, ಕ್ರೇನಿಗೆ ಸೇರಿ ಹದಿನೆಂಟು ಸಾವಿರ ಅಲ್ಲೇ ಮಣ್ಣುಪಾಲಾಯಿತು. ಮುಂದಿನ ಕಲ್ಲು ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದು ಗಟ್ಟಿಯಾಗಿತ್ತು, ಉಳಿಯ ಬಾಯಿಯನ್ನೇ ತಿಂದುಹಾಕಿತು. ಇನ್ನೊಂದರ ಹೊಟ್ಟೆಯಲ್ಲಿ ಬಿರುಕಿತ್ತು. ಈಗ ಯಾವ ಕಲ್ಲಾದರೂ ನೀರು ಹೊಯ್ದು ಆರುವುದನ್ನು ಕಾಯುತ್ತೇನೆ. ಬಿರುಕಿದ್ದ ಕಡೆ ತೇವದ ಗೆರೆ ಕೊನೆಯವರೆಗೂ ಉಳಿಯುತ್ತದೆ. ಒಟ್ಟು ಒಂದೂವರೆ ಲಕ್ಷದ ಹತ್ತಿರ ಕರಗಿತು. ಮನೆಯಲ್ಲಿ ಈ ವಿಷಯಕ್ಕೆ ಊಟ ಬಿಟ್ಟ ದಿನಗಳೂ ಇದ್ದವು.

ಕೆಲಸ ಕೈಗೂಡಿದ್ದು ಕಲ್ಲನ್ನು ನೆಟ್ಟಗೆ ನಿಲ್ಲಿಸಿದ ಮೇಲೆ. ಗುಜರಿಯಿಂದ ತಂದ ಲಾರಿಯ ಹಬ್ ಮೇಲೆ ದಪ್ಪ ಕಬ್ಬಿಣದ ತಟ್ಟೆ, ಎರಡು ಎಚ್‌ಪಿ ಮೋಟಾರು, ವೇಗ ತಗ್ಗಿಸಲು ಗೇರ್‌ಬಾಕ್ಸ್. ನಿಮಿಷಕ್ಕೆ ಇಪ್ಪತ್ತೈದು ಸುತ್ತಿನ ಆಸುಪಾಸು ಸಾಕು. ನೆತ್ತಿಯನ್ನು ಮೇಲಿನ ಮೊಳೆ ಹಿಡಿಯುತ್ತದೆ. ತಟ್ಟೆಗೂ ಕಲ್ಲಿಗೂ ನಡುವೆ ಏನು ಹಾಕುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದಕ್ಕೆ ಬಹಳ ದುಡ್ಡು ತೆತ್ತಿದ್ದೇನೆ. ಗಣಿಯಿಂದ ಆಗಷ್ಟೇ ಬಂದ ಹಸಿ ಕಲ್ಲಿಗೆ ಉಳಿ ತಾಗಿಸಿದಾಗ ಬೂದುಹಸಿರು ಪುಡಿ ಒಂದೇ ಸಮನೆ ಸುರಿಯುತ್ತದೆ. ಸದ್ದು ಒಡೆದರೆ ತಕ್ಷಣ ಕೈ ಹಿಂದೆಗೆಯಬೇಕು. ನೀರು ಬಿಟ್ಟೂ ನೋಡಿದೆ, ಕೆಸರಾಗಿ ಗೆರೆ ಕಾಣದಾಯಿತು. ಒಣ ಕೆಲಸವೇ ಲೇಸು. ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ.

ನಡುವೆ ನಕ್ಷತ್ರಾಕಾರದ ಕಂಬಕ್ಕೂ ಕೈ ಹಾಕಿದೆ. ಅದು ತಿರುಗಿಸಿ ಬರುವಂಥದ್ದಲ್ಲ. ತಟ್ಟೆಗೆ ಹದಿನಾರು ಗುರುತು ಹಾಕಿ, ಒಂದೊಂದು ಗುರುತಿಗೂ ಬಿಗಿದು ಮೂಲೆ ತೆಗೆದೆ. ಮೂಲೆಗಳು ಚೆನ್ನಾಗಿಯೇ ಬಂದವು. ಆದರೆ ಹಿಡಿದ ಸಮಯಕ್ಕೆ ಕೈಯಲ್ಲೇ ಕೆತ್ತಬಹುದಿತ್ತು.

ಪಕ್ಕದ ಊರಿನ ದೇವಸ್ಥಾನದವರು ನಾಲ್ಕು ಕಂಬ ಕೇಳಿದ್ದಾರೆ. ಒಂದಕ್ಕೆ ಅರವತ್ತು ಸಾವಿರ ಎಂದಿದ್ದೇನೆ. ಚೌಕಾಸಿಗೆ ಒಪ್ಪಿಲ್ಲ.