ಸೊಲ್ಲಾಪುರದ ಪರ್ಮಿಟ್, ದಾವಣಗೆರೆಯ ಕೆಲಸ: ನನ್ನ ಅನುಭವ

ವಿದ್ಯುತ್ ವೈರಿಂಗ್ ಕೆಲಸ ಮಾಡಲು ಬೇಕಾದ ವೈರ್‌ಮನ್ ಪರ್ಮಿಟ್ ಕೊಡುವುದು ಆಯಾ ರಾಜ್ಯ. ನನ್ನದು ಮಹಾರಾಷ್ಟ್ರದ ಸೊಲ್ಲಾಪುರದ್ದು. ಆದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲಿ, ರಾಜ್ಯ ಸರ್ಕಾರ ಕೊಟ್ಟ ಅಥವಾ ಮಾನ್ಯ ಮಾಡಿದ ಪರ್ಮಿಟ್ ಇರಬೇಕು ಅಂತಿದೆ. ಬೇರೆ ರಾಜ್ಯದ ಪರ್ಮಿಟ್‌ಗೆ ದಾರಿ ಸಿಗುವುದು ಈ 'ಮಾನ್ಯ ಮಾಡಿದ' ಅನ್ನುವ ಮಾತಿನಲ್ಲೇ. ಹಾಗಾಗಿ ದಾವಣಗೆರೆಯಲ್ಲಿ ಕೆಲಸ ಮಾಡಲು ಕರ್ನಾಟಕದ ಪರ್ಮಿಟ್‌ಗೆ ಅರ್ಜಿ ಹಾಕಿದೆ.

ಐಟಿಐಯ ರಾಷ್ಟ್ರೀಯ ಮಟ್ಟದ ಸರ್ಟಿಫಿಕೇಟ್ (ಎನ್‌ಟಿಸಿ) ದೇಶದೆಲ್ಲೆಡೆ ನಡೆಯುತ್ತದೆ, ಅದಕ್ಕೆ ತಕರಾರಿಲ್ಲ. ಅನುಭವ ಪತ್ರವೂ ಸಲೀಸು. ಅರ್ಜಿ ನಿಂತಿದ್ದು ಹೆಸರಿನ ಮೇಲೆ! ಮಹಾರಾಷ್ಟ್ರದ ಪರ್ಮಿಟ್‌ನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನನ್ನ ಹೆಸರು, ಕೊನೆಗೆ ಅಪ್ಪನ ಹೆಸರು. ಆಧಾರ್‌ನಲ್ಲಿ ನನ್ನ ಹೆಸರು, ಒಂದು ಇನಿಷಿಯಲ್, ಅಷ್ಟೇ. ಕೌಂಟರಿನವರು ಎರಡನ್ನೂ ಪಕ್ಕಪಕ್ಕ ಇಟ್ಟು, "ಇಬ್ರೂ ಒಬ್ರೇ ಅಂತ ಹೆಂಗೆ ನಂಬೋದ್ರಿ?" ಅಂದರು. ಅವರ ಮಾತೂ ಸರಿನೇ ಅಲ್ವಾ?

ನೋಟರಿ ಹತ್ತಿರ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದೆ. ಎರಡೂ ಹೆಸರನ್ನು ಒಂದಕ್ಷರ ಬಿಡದೆ ಬರೆಸಿ, ಪರ್ಮಿಟ್ ನಂಬರನ್ನೂ ಸೇರಿಸಿದೆ. ಪರ್ಮಿಟ್ ಅಸಲಿ, ಚಾಲ್ತಿಯಲ್ಲಿದೆ ಅಂತ ಅದನ್ನು ಕೊಟ್ಟ ಮಹಾರಾಷ್ಟ್ರದ ಕಚೇರಿಯಿಂದ ಪತ್ರ ತರಿಸಿದೆ. ಸುಮ್ನೆ ಜೆರಾಕ್ಸ್ ಕಳಿಸಿದರೆ ನಡೆಯಲ್ಲ. ಸೀಲು, ಸಹಿ ಇರುವ ಮೂಲ ಪತ್ರವೇ ಬೇಕು. ಇವೆರಡನ್ನೂ ಲಗತ್ತಿಸಿದ ಮೇಲೆ ಅರ್ಜಿ ಮುಂದೆ ಹೋಯಿತು, ಕರ್ನಾಟಕದ ಪರ್ಮಿಟ್ ಕೈಗೆ ಬಂತು.

ಹಳೇ ಪರ್ಮಿಟ್ ಅವಧಿ ಮುಗಿಯುವ ಮೊದಲೇ ಈ ಓಡಾಟ ಶುರು ಮಾಡಿ. ಮುಗಿದಿದ್ದರೆ ಮೊದಲು ಅಲ್ಲೇ ನವೀಕರಿಸಿಕೊಳ್ಳಿ.